ಕಲ್ಲಿಗೆ ದುಡ್ಡಿದೆ, ನಕ್ಷೆಗೆ ಇಲ್ಲ: ಹೊಳೆಬಾಯಿಯ ಊರಿಂದ ಮುಖ್ಯಮಂತ್ರಿಗಳಿಗೆ ಒಂದು ಪತ್ರ

ಗೆ,
ಮಾನ್ಯ ಮುಖ್ಯಮಂತ್ರಿಗಳು
ಹಾಗೂ ಅಧ್ಯಕ್ಷರು, ಕರ್ನಾಟಕ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ
ವಿಧಾನಸೌಧ, ಬೆಂಗಳೂರು

ವಿಷಯ: ಹೊಳೆದಂಡೆ ಮತ್ತು ಕಡಲತೀರದ ಪಂಚಾಯ್ತಿಗಳಿಗೆ ನೆರೆ ನಕ್ಷೆ ಹಾಗೂ ತೀರದ ಯೋಜನೆ ಮಾಡಿಕೊಳ್ಳಲು ರಾಜ್ಯದ ಅನುದಾನ ಕೋರಿ.

ಮಾನ್ಯರೇ,

ನಮಸ್ಕಾರ. ನಾನು ಉತ್ತರ ಕನ್ನಡ ಜಿಲ್ಲೆಯವಳು. ಹೊಳೆ ಸಮುದ್ರ ಸೇರುವ ಅಳಿವೆಯ ಪಕ್ಕ ನಮ್ಮೂರು. ಎರಡು ಅವಧಿ ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದೆ, ಈಗ ಮಾಜಿ. ನಿಮಗೆ ಅಂಚೆಯಲ್ಲಿ ಕಳಿಸಿರುವ ಪ್ರತಿಯಲ್ಲಿ ನನ್ನ ಹೆಸರು, ಪಂಚಾಯ್ತಿಯ ಹೆಸರು ಎಲ್ಲ ಇದೆ. ಈ ಬಹಿರಂಗ ಪ್ರತಿಯಲ್ಲಿ ಬೇಕಂತಲೇ ಬಿಟ್ಟಿದ್ದೇನೆ. ಹೆಸರು ಹಾಕಿದರೆ ಇದು ಒಂದೂರಿನ ಅಹವಾಲಾಗಿ ಒಂದು ಫೈಲಿಗೆ ಸೇರಿಬಿಡುತ್ತದೆ. ಕಾರವಾರದಿಂದ ಉಳ್ಳಾಲದವರೆಗೆ ಹೊಳೆಬಾಯಿಯಲ್ಲಿ ಕೂತ ಊರುಗಳ ಕತೆ ಹೆಚ್ಚುಕಮ್ಮಿ ಇದೇ.

ಮೊದಲು ನಮ್ಮ ಶಾಲೆಯ ಗೋಡೆಯ ವಿಷಯ ಹೇಳಿಬಿಡುತ್ತೇನೆ.

2019ರ ಆಗಸ್ಟಿನಲ್ಲಿ ನೆರೆ ಬಂತು. ಹೊಳೆ ನೀರು ಶಾಲೆಯ ಜಗಲಿ ಹತ್ತಿ, ತರಗತಿಯೊಳಗೆ ನುಗ್ಗಿ, ಎರಡು ರಾತ್ರಿ ಅಲ್ಲೇ ನಿಂತಿತು. ಇಳಿದ ಮೇಲೆ ಗೋಡೆಯಲ್ಲಿ ಕೆಂಪು ಕೆಸರಿನ ಗೆರೆ ಉಳಿಯಿತು. ಬಿಸಿಯೂಟ ಮಾಡುವ ಅಕ್ಕ ಮನೆಯಿಂದ ಇದ್ದಿಲು ತಂದು ಅದರ ಮೇಲೆ ಇನ್ನೊಂದು ಗೆರೆ ಎಳೆದರು, ಪಕ್ಕದಲ್ಲಿ ತಾರೀಕು ಬರೆದರು. 2021ರ ಜುಲೈನಲ್ಲಿ ಮತ್ತೆ ನೀರು ಬಂತು. ಅದರ ಗೆರೆ ಮೊದಲಿನದಕ್ಕಿಂತ ನಾಲ್ಕು ಬೆರಳು ಕೆಳಗೆ. ಅದಕ್ಕೂ ತಾರೀಕು ಬಿತ್ತು. ಆಮೇಲೆ ಶಾಲೆಗೆ ಬಣ್ಣ ಹೊಡೆಯಲು ಅನುದಾನ ಬಂತು. ಒಳ್ಳೆಯದೇ ಆಯಿತು, ಮಕ್ಕಳಿಗೆ ಖುಷಿ. ಗೋಡೆ ತುಂಬ ಅಕ್ಷರ, ಹೂವು, ಒಂದು ದೊಡ್ಡ ಆನೆ. ಎರಡೂ ಗೆರೆ ಆನೆಯ ಕಾಲಿನ ಬಣ್ಣದಡಿ ಹೋದವು.

ಮುಂದಿನ ವರ್ಷ ತೋಡಿಗೊಂದು ಕಿರುಸೇತುವೆ ಹಾಕಲು ಅಂದಾಜು ಪಟ್ಟಿ ಮಾಡುವ ಎಂಜಿನಿಯರ್ ಬಂದರು. ‘ಇಲ್ಲಿ ನೆರೆ ನೀರು ಜಾಸ್ತಿ ಅಂದ್ರೆ ಎಲ್ಲಿವರೆಗೆ ಬಂದಿದೆ?’ ಅಂತ ಕೇಳಿದರು. ಅವರನ್ನು ಶಾಲೆಗೆ ಕರೆದುಕೊಂಡು ಹೋಗಿ ತೋರಿಸಿದೆವು: ‘ಆನೆಯ ಮೊಣಕಾಲಿನ ತನಕ, ಸಾರ್.’ ಅವರೂ ನಕ್ಕರು, ನಾವೂ ನಕ್ಕೆವು. ಆದರೆ ಅವರ ಕಡತದಲ್ಲಿ ಬೇರೆ ಯಾವ ಲೆಕ್ಕವೂ ಇರಲಿಲ್ಲ. ನಮ್ಮ ಪಂಚಾಯ್ತಿಯಲ್ಲೂ ಇರಲಿಲ್ಲ. ಎರಡು ದೊಡ್ಡ ನೆರೆ ನೋಡಿದ ಊರಿನಲ್ಲಿ ನೀರು ಎಷ್ಟು ಎತ್ತರ ಬಂತು ಅನ್ನುವುದಕ್ಕೆ ಇದ್ದ ದಾಖಲೆ ಒಂದು ಇದ್ದಿಲಿನ ಗೆರೆ. ಅದೂ ಈಗ ಬಣ್ಣದ ಅಡಿ.

ಸರ್ಕಾರ ಏನೂ ಮಾಡಲಿಲ್ಲ ಅಂತ ನಾನು ಹೇಳುವವಳಲ್ಲ. 2019ರಲ್ಲಿ ದೋಣಿ ಬಂತು, ಕಾಳಜಿ ಕೇಂದ್ರ ತೆರೆಯಿತು, ಬಿಸಿ ಅನ್ನ ಸಿಕ್ಕಿತು. ನೀರು ನುಗ್ಗಿದ ಮನೆಗೆ ತಕ್ಷಣದ ಪರಿಹಾರ 10,000 ರೂಪಾಯಿ ಬಂತು. ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ಕೊಡುತ್ತೇವೆ ಅಂದಿತು. ಕೇಂದ್ರದ ಮಾನದಂಡಕ್ಕಿಂತ ಅದು ಎಷ್ಟೋ ಪಟ್ಟು ಜಾಸ್ತಿ. ನಮ್ಮ ಕೇರಿಯಲ್ಲೂ ಆ ದುಡ್ಡಿನಲ್ಲಿ ಮನೆ ಎದ್ದಿವೆ.

ಎಲ್ಲಿ ಎದ್ದಿವೆ ಗೊತ್ತಾ? ಅದೇ ಪಾಯದ ಮೇಲೆ.

ನನ್ನ ಪಕ್ಕದ ಮನೆಯ ಅಣ್ಣನ ಹೊಸ ಮನೆಗೆ ನಾನೇ ಹೋಗಿ ಹಾಲುಕ್ಕಿಸಿ ಬಂದಿದ್ದೇನೆ. ತಾರಸಿ ಮನೆ, ಟೈಲ್ಸ್ ನೆಲ. ಪಾಯ ಮಾತ್ರ ಹಳೆಯದರಷ್ಟೇ ಎತ್ತರ. ‘ಎರಡಡಿ ಏರಿಸಬೇಕಿತ್ತಲ್ಲೋ’ ಅಂದೆ. ‘ಎಷ್ಟು ಏರಿಸಿದ್ರೆ ಸಾಕು ಅಂತ ಹೇಳೋರು ಯಾರಕ್ಕಾ? ಎರಡಡಿ ಸಾಕಾ, ನಾಲ್ಕು ಬೇಕಾ? ಸುಮ್ನೆ ಮಣ್ಣು ತುಂಬಿಸೋಕೆ ದುಡ್ಡೆಲ್ಲಿದೆ?’ ಅಂದ. ಉತ್ತರ ನನ್ನ ಹತ್ತಿರ ಇರಲಿಲ್ಲ. 2021ರಲ್ಲಿ ಆ ಟೈಲ್ಸ್ ಮೇಲೆ ಮೊಣಕಾಲು ನೀರು. ಮತ್ತೆ ಪಂಚನಾಮೆ, ಮತ್ತೆ ಪರಿಹಾರ. ಸರ್ಕಾರಕ್ಕೂ ಎರಡು ಸಲ ಖರ್ಚು, ಅವನಿಗೂ ಎರಡು ಸಲ ನಷ್ಟ.

ನನ್ನ ದೂರು ಇಷ್ಟೇ. ನೀರು ಬಂದ ಮೇಲೆ ಕೊಡಲು ದುಡ್ಡಿದೆ. ಕಡಲು ಕೊರೆದ ಮೇಲೆ ಕಲ್ಲು ಸುರಿಯಲು ದುಡ್ಡಿದೆ. ನೀರು ಎಲ್ಲಿವರೆಗೆ ಬರುತ್ತದೆ, ಮರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಅಳೆದು ಬರೆದಿಡಲು ಮಾತ್ರ ಯಾವ ಬಾಬ್ತಿನಲ್ಲೂ ದುಡ್ಡಿಲ್ಲ.

ಇದು ಊಹೆಯ ಮಾತಲ್ಲ, ನಾವು ಕೇಳಿ ನೋಡಿದ್ದೇವೆ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಊರಿನ ಎತ್ತರ ತಗ್ಗು ಅಳೆಸಿ ನೆರೆ ನಕ್ಷೆ ಮಾಡಿಸಲು ಅನುದಾನ ಕೊಡಿ ಅಂತ ಮೇಲಿನ ಕಚೇರಿಗೆ ಬರೆದೆವು. ಯಾವ ಕಚೇರಿ ಅಂತ ಇಲ್ಲಿ ಹೇಳುವುದಿಲ್ಲ, ಅಲ್ಲಿನವರ ತಪ್ಪೂ ಅದರಲ್ಲಿ ಇಲ್ಲ. ಏಳು ತಿಂಗಳಿಗೆ ಉತ್ತರ ಬಂತು: ‘ಸದರಿ ಉದ್ದೇಶಕ್ಕೆ ಲೆಕ್ಕ ಶೀರ್ಷಿಕೆ ಇರುವುದಿಲ್ಲ.’ ಅಂದರೆ, ಇದಕ್ಕೆ ಅಂತ ಬಜೆಟ್ಟಿನಲ್ಲಿ ಬಾಬ್ತೇ ಇಲ್ಲ. ಫೋನ್ ಮಾಡಿದಾಗ ಆ ಗುಮಾಸ್ತರು ಪಾಪ, ಉದ್ಯೋಗ ಖಾತ್ರಿಯಲ್ಲಿ ಹಾಕಿ ನೋಡಿ ಮೇಡಂ ಅಂದರು. ಖಾತ್ರಿಯಲ್ಲಿ ತೋಡಿನ ಹೂಳೆತ್ತಬಹುದು, ಊರಿನ ಎತ್ತರ ಅಳೆಯಲು ಆಗುತ್ತದೆಯೇ? ಹದಿನೈದನೇ ಹಣಕಾಸು ಆಯೋಗದ ಅನುದಾನ ನೋಡಿದರೆ, ಅದರಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಉಳಿದ 40ರಲ್ಲಿ ದಾರಿದೀಪ, ರಸ್ತೆ, ಚರಂಡಿ. ಅದರಲ್ಲಿ ಸ್ವಲ್ಪ ತೆಗೆದು ಸರ್ವೆಗೆ ಹಾಕೋಣ ಅಂದರೆ, ಆಡಿಟ್‌ನವರು ಆಕ್ಷೇಪಣೆ ಹಾಕುತ್ತಾರೆ ಅಂತ ಪಿಡಿಒ ಪೆನ್ನು ಮುಚ್ಚಿಟ್ಟರು.

ನೀವು ಕೇಳಬಹುದು, ಈಗಾಗಲೇ ನಕ್ಷೆಗಳು ಇವೆಯಲ್ಲ ಅಂತ. ಇವೆ. ಅವುಗಳನ್ನು ನಾನು ನೋಡಿದ್ದೇನೆ.

ಕಡಲ ಪಕ್ಕ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಅಂತ ಹೇಳುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ 1991ರಲ್ಲಿ ಬಂತು, 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಅದರ ಪ್ರಕಾರ ಮಾಡುವ ಕರಾವಳಿ ವಲಯದ ನಕ್ಷೆಯ ಅಳತೆ 1:25,000. ಅಂದರೆ ಕಾಗದದ ಮೇಲೆ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 25 ಮೀಟರ್. ಬಾಲ್‌ಪೆನ್ನಿನ ಗೆರೆಯ ದಪ್ಪದೊಳಗೆ ನಮ್ಮ ಒಂದು ಮನೆ, ಅದರ ಅಂಗಳ, ತೆಂಗಿನ ಮರ ಎಲ್ಲ ಬಂದುಬಿಡುತ್ತದೆ. ಗೆರೆಯ ಯಾವ ಅಂಚಿನಲ್ಲಿ ಮನೆ ಇದೆ ಅಂತ ಜಗಳ ಆದರೆ ತೀರ್ಮಾನ ಮಾಡುವುದು ಹೇಗೆ? ಸ್ಥಳೀಯ ಸಂಸ್ಥೆಗಳ ಬಳಕೆಗೆ 1:3,960 ಅಳತೆಯ ದೊಡ್ಡ ನಕ್ಷೆ ಮಾಡಬೇಕು ಅಂತ ಅದೇ ಅಧಿಸೂಚನೆಯಲ್ಲೇ ಇದೆ. ಸರ್ವೆ ನಂಬರ್ ಗೊತ್ತಾಗುವ ಅಳತೆ ಅದು. ಹತ್ತು ವರ್ಷ ಸದಸ್ಯೆಯಾಗಿದ್ದ ನಾನು ನಮ್ಮ ಪಂಚಾಯ್ತಿಯ ಗೋಡೆಯಲ್ಲಿ ಅಂಥದ್ದೊಂದು ನಕ್ಷೆ ನೋಡಲಿಲ್ಲ.

ಇನ್ನೊಂದು ತಮಾಷೆ ಇದೆ. ಹೊಳೆಯಲ್ಲಿ ಈ ಕಾನೂನು ಎಲ್ಲಿವರೆಗೆ ಹೋಗುತ್ತದೆ ಅಂದರೆ, ಉಬ್ಬರದ ಉಪ್ಪು ನೀರು ಎಲ್ಲಿವರೆಗೆ ಹೋಗುತ್ತದೋ ಅಲ್ಲಿವರೆಗೆ. ವರ್ಷದ ಅತಿ ಒಣ ಕಾಲದಲ್ಲಿ ಅಳೆದಾಗ ಸಾವಿರಕ್ಕೆ ಐದು ಪಾಲು ಉಪ್ಪು ಇರುವ ಜಾಗ ಗಡಿ. ಉಪ್ಪು ನಿಂತಲ್ಲಿ ಕಾನೂನೂ ನಿಂತಿತು. ಆದರೆ ನೆರೆ ಬರುವುದು ಘಟ್ಟದ ಮೇಲಿಂದ, ಸಿಹಿನೀರಾಗಿ. ಹಾಗಾಗಿ ಹೊಳೆಯಲ್ಲಿ ಸ್ವಲ್ಪ ಮೇಲೆ ಹೋದರೆ, ನೀರು ಜಾಸ್ತಿ ಹರಡುವ ಬೈಲಿನಲ್ಲೇ, ಎಲ್ಲಿ ಕಟ್ಟಬೇಕು ಎಲ್ಲಿ ಕಟ್ಟಬಾರದು ಅಂತ ಹೇಳುವ ಗೆರೆಯೇ ಇಲ್ಲ. ಅಲ್ಲೇ ಲೇಔಟ್ ಆಗುತ್ತಿದೆ. ಅಲ್ಲೇ ಕಲ್ಯಾಣ ಮಂಟಪ. ಗದ್ದೆಗೆ ಮಣ್ಣು ಹಾಕಿ ಏರಿಸಿದವರ ಜಾಗ ಒಣಗಿಯೇ ಇರುತ್ತದೆ, ಅಲ್ಲಿ ನಿಲ್ಲಬೇಕಾದ ನೀರು ಪಕ್ಕದ ಕೇರಿಗೆ ಬರುತ್ತದೆ.

ಮಳೆಯ ಲೆಕ್ಕದಲ್ಲಿ ಮಾತ್ರ ನಮ್ಮ ರಾಜ್ಯ ನಿಜಕ್ಕೂ ಮುಂದಿದೆ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯ್ತಿಗೊಂದರಂತೆ ಮಳೆ ಮಾಪಕ ಇಟ್ಟಿದೆ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಹೋಗುತ್ತದೆ. ರಾತ್ರಿ ನಮ್ಮ ಊರಲ್ಲಿ ಎಷ್ಟು ಮಿಲಿಮೀಟರ್ ಸುರಿಯಿತು ಅಂತ ಬೆಳಿಗ್ಗೆ ಬೆಂಗಳೂರಿಗೆ ಗೊತ್ತು. ಆದರೆ ಇಷ್ಟು ಮಳೆಗೆ ನೀರು ಯಾರ ಅಂಗಳಕ್ಕೆ ಬರುತ್ತದೆ ಅಂತ ಬೆಂಗಳೂರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಗೊತ್ತಿರುವುದು ನಮ್ಮ ಹಿರಿಯರಿಗೆ ಮಾತ್ರ, ಅದೂ ಅಂದಾಜಿನಲ್ಲಿ. ಘಟ್ಟದಲ್ಲಿ ಜೋರು ಮಳೆ ಅಂದ ಕೂಡಲೇ ಅವರು ಕ್ಯಾಲೆಂಡರ್ ನೋಡುತ್ತಾರೆ, ಅಮಾಸೆ ಹುಣ್ಣಿಮೆ ಎಷ್ಟು ದೂರ ಅಂತ. ದೊಡ್ಡ ಉಬ್ಬರದ ಹೊತ್ತಿಗೇ ಹೊಳೆಯೂ ತುಂಬಿ ಬಂದರೆ ನೀರಿಗೆ ಸಮುದ್ರಕ್ಕೆ ಹೋಗಲು ದಾರಿ ಇರುವುದಿಲ್ಲ, ಅಳಿವೆಯಲ್ಲೇ ಒತ್ತಿ ನಿಂತು ಹಿಂದಕ್ಕೆ ಏರುತ್ತದೆ. ಅಳಿವೆ ಬಾಯಿಗೆ ಮರಳು ಕಟ್ಟಿದ್ದರೆ ಇನ್ನೂ ಕಷ್ಟ. ಅದೇ ಮಳೆ, ಬೇರೆ ತಿಥಿ, ಬೇರೆ ನೆರೆ. ಈ ಲೆಕ್ಕ ಯಾವ ಜಿಲ್ಲಾ ಮಟ್ಟದ ಯೋಜನೆಯಲ್ಲೂ ಕೇರಿ ಕೇರಿಗೆ ಇಳಿದು ಬರುವುದಿಲ್ಲ. ಊರಲ್ಲೇ ಕೂತು ಮಾಡಬೇಕಾದ ಕೆಲಸ ಅದು.

ಈಗ ಕಡಲ ಕಡೆಯ ಮಾತು.

ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರ ನೋಡಿ ದೇಶದ ತೀರದ ಲೆಕ್ಕ ಹಾಕಿದೆ. ಸುಮಾರು 34 ಶೇಕಡಾ ತೀರ ಕೊರೆಯುತ್ತಿದೆ, 27 ಶೇಕಡಾ ಬೆಳೆಯುತ್ತಿದೆ, ಉಳಿದದ್ದು ಇದ್ದ ಹಾಗೆ ಇದೆ. ಕರ್ನಾಟಕದಲ್ಲಿ ಕೊರೆಯುತ್ತಿರುವುದು ಸುಮಾರು ಕಾಲು ಭಾಗ. ಅಂದರೆ ಉಳಿದ ಮುಕ್ಕಾಲು ಭಾಗ ತನ್ನಷ್ಟಕ್ಕೆ ನಿಂತಿದೆ, ಇಲ್ಲವೇ ಬೆಳೆಯುತ್ತಿದೆ. ಯಾವ ಕಾಲು, ಯಾವ ಮುಕ್ಕಾಲು ಅಂತ ಊರಿಗೆ ಗೊತ್ತಿದ್ದರೆ ಎಷ್ಟು ಕಲ್ಲು ಉಳಿಯುತ್ತಿತ್ತು, ಅಲ್ವಾ?

ಸಮುದ್ರ ವರ್ಷದಲ್ಲಿ ಎರಡು ಥರ ಇರುತ್ತದೆ. ಮಳೆಗಾಲದ ದೊಡ್ಡ ಅಲೆ ದಡದ ಮರಳನ್ನು ಕಿತ್ತು ಒಳಗೆ ಎಳೆದು ದಿಬ್ಬ ಮಾಡುತ್ತದೆ. ಅಕ್ಟೋಬರ್ ಕಳೆದ ಮೇಲೆ ಸಣ್ಣ ಅಲೆ ಅದನ್ನೇ ಮೆಲ್ಲಗೆ ವಾಪಸ್ ತಂದು ಹಾಕುತ್ತದೆ. ಜುಲೈನಲ್ಲಿ ನೋಡಿದವರಿಗೆ ಊರೇ ಹೋಯಿತು ಅನಿಸುತ್ತದೆ. ಫೆಬ್ರವರಿಯಲ್ಲಿ ನೋಡಿದವರಿಗೆ ಏನೂ ಆಗೇ ಇಲ್ಲ ಅನಿಸುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಸಚಿವರು ಬಂದು ನೋಡುವುದು ಜುಲೈನಲ್ಲಿ, ಕಡತ ಮುಂದಕ್ಕೆ ಹೋಗದೆ ಕೂರುವುದು ಫೆಬ್ರವರಿಯಲ್ಲಿ. ಮಳೆಗಾಲದ ಗಾಬರಿಯಲ್ಲಿ ತುರ್ತು ಕಾಮಗಾರಿ ಅಂತ ಲಾರಿಗಟ್ಟಲೆ ಕಲ್ಲು ಬರುತ್ತದೆ. ಅಡಿಯಲ್ಲಿ ಹಾಸು ಇಲ್ಲದೆ ಸುರಿದ ಕಲ್ಲು ಎರಡು ಮಳೆಗಾಲದಲ್ಲಿ ಮರಳಿನೊಳಗೆ ಇಳಿಯುತ್ತದೆ. ಇಳಿಯದಿದ್ದರೆ, ಗೋಡೆ ಮುಗಿದ ಜಾಗದಿಂದ ಮುಂದಕ್ಕೆ ಕಡಲು ಕಚ್ಚುತ್ತದೆ. ಆಗ ಆ ಕಡೆಯವರು ನಮಗೂ ಕಲ್ಲು ಬೇಕು ಅನ್ನುತ್ತಾರೆ. ಅವರ ಮಾತೂ ನ್ಯಾಯವೇ. ಹೀಗೆ ಗೋಡೆ ಊರಿಂದ ಊರಿಗೆ ಉದ್ದ ಆಗುತ್ತ ಹೋಗುತ್ತದೆ. ದೋಣಿ ಎಳೆಯಲು ಜಾಗ ಇಲ್ಲ, ಬಲೆ ಹರವಲು ಜಾಗ ಇಲ್ಲ, ದಡದಿಂದ ರಂಪಣಿ ಬಲೆ ಎಳೆಯುವವರು ಕಲ್ಲಿನ ಮೇಲೆ ನಿಂತು ಎಳೆಯುತ್ತಾರೆಯೇ?

ನಮ್ಮೂರ ಹುಡುಗರು ಒಂದು ಕೆಲಸ ಮಾಡಿದ್ದಾರೆ. ದಡದ ಮೇಲಿರುವ ಜಟಕ ದೇವರ ಕಟ್ಟೆಯಿಂದ ನೀರಿನವರೆಗೆ ಪ್ರತಿ ಅಮಾಸೆಗೆ ಹಗ್ಗ ಹಿಡಿದು ಅಳೆಯುತ್ತಾರೆ. ಹಗ್ಗಕ್ಕೆ ಮಾರಿಗೊಂದು ಗಂಟು. ಇಳಿತದ ಹೊತ್ತು ನೋಡಿಕೊಂಡು ಹೋಗುತ್ತಾರೆ, ಗಂಟು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಮೂರು ವರ್ಷವಾಯಿತು. ಕಟ್ಟೆಯ ಎದುರು ಮಳೆಗಾಲದಲ್ಲಿ ಹೋದ ಮರಳು ಚಳಿಗಾಲಕ್ಕೆ ಬಹುಪಾಲು ತಿರುಗಿ ಬರುತ್ತದೆ. ಕಲ್ಲಿನ ಗೋಡೆ ಮುಗಿಯುವಲ್ಲಿ ಹೋದದ್ದು ಹೋಯಿತು, ವರ್ಷ ವರ್ಷ ಗಂಟು ಕಮ್ಮಿ. ಇದು ವಿಜ್ಞಾನ ಅಂತ ನಾನು ಹೇಳುವುದಿಲ್ಲ. ಹಗ್ಗ ನೆನೆದರೆ ಉದ್ದ ಬದಲಾಗುತ್ತದೆ, ಎಳೆಯುವವನ ಕೈಗೆ ತಕ್ಕ ಹಾಗೆ ಸಡಿಲ ಬಿಗಿ ಆಗುತ್ತದೆ. ಆದರೆ ಇಷ್ಟಾದರೂ ಬೇರೆ ಯಾರೂ ಮಾಡಿಲ್ಲ. ಆ ನೋಟ್‌ಬುಕ್ಕಿನ ನೆರಳಚ್ಚು ನಿಮಗೆ ಕಳಿಸಿದ ಪತ್ರದ ಜೊತೆ ಇಟ್ಟಿದ್ದೇನೆ. ಒಂದು ಪುಟದಲ್ಲಿ ಮೀನಿನ ಲೆಕ್ಕವೂ ಸೇರಿದೆ, ಅದನ್ನು ಬಿಟ್ಟು ಓದಿ.

ದುಡ್ಡು ಎಲ್ಲಿಂದ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಹುಡುಕಿ ಓದಲು ನನ್ನ ಮಗಳು ಎರಡು ಭಾನುವಾರ ಕೂತಿದ್ದಾಳೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲೇ ಎರಡು ಥರದ ನಿಧಿ ಹೇಳಿದ್ದಾರೆ. ವಿಪತ್ತು ಆದ ಮೇಲೆ ಖರ್ಚು ಮಾಡಲು ಒಂದು, ಆಗುವ ಮೊದಲೇ ಅದರ ಪೆಟ್ಟು ತಗ್ಗಿಸಲು ಇನ್ನೊಂದು. ಎರಡನೆಯದಕ್ಕೆ ಎಷ್ಟೋ ವರ್ಷ ಸರಿಯಾದ ದುಡ್ಡೇ ಇರಲಿಲ್ಲ. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಅದಕ್ಕೊಂದು ದಾರಿ ಮಾಡಿತು. ರಾಜ್ಯಗಳ ವಿಪತ್ತು ಹಣದಲ್ಲಿ 80 ಶೇಕಡಾ ಮೊದಲನೆಯದಕ್ಕೆ, 20 ಶೇಕಡಾ ತಗ್ಗಿಸುವ ನಿಧಿಗೆ. ನಮ್ಮಂಥ ರಾಜ್ಯಕ್ಕೆ ನಾಲ್ಕರಲ್ಲಿ ಮೂರು ಪಾಲು ಕೇಂದ್ರದ್ದು, ಒಂದು ಪಾಲು ನಮ್ಮದು. ಆಯೋಗ ಇನ್ನೊಂದು ಮಾತು ಹೇಳಿದೆ, ಅದನ್ನು ದಯವಿಟ್ಟು ಗಮನಿಸಿ. ದೊಡ್ಡ ಕಡಲ ಗೋಡೆ, ನದಿ ದಂಡೆಯ ಕಟ್ಟೆ ಇಂಥವನ್ನು ಈ ನಿಧಿಯಿಂದ ಮಾಡಬಾರದು, ಅವು ಮಾಮೂಲಿ ಅಭಿವೃದ್ಧಿ ಯೋಜನೆಯಲ್ಲಿ ಆಗಲಿ, ಈ ನಿಧಿ ಸ್ಥಳೀಯ ಮಟ್ಟದ, ಜನ ಸೇರಿ ಮಾಡುವ ಕೆಲಸಕ್ಕೆ ಅಂತ. ಅಂದರೆ ಕಲ್ಲಿಗೆ ಬೇರೆ ಬಾಬ್ತು ಇದೆ. ಈ 20 ಶೇಕಡಾ ನಮ್ಮ ಥರದ ಬೇಡಿಕೆಗೇ ಇಟ್ಟದ್ದು. ಕೊರೆತ ತಗ್ಗಿಸಲು ಅಂತಲೇ ರಾಷ್ಟ್ರ ಮಟ್ಟದ ನಿಧಿಯಲ್ಲಿ 1,500 ಕೋಟಿ ರೂಪಾಯಿಯನ್ನೂ ಅದೇ ಆಯೋಗ ಪ್ರತ್ಯೇಕವಾಗಿ ಹೇಳಿತ್ತು.

ಹಾಗಾಗಿ ನಮ್ಮ ಮೊದಲ ಬೇಡಿಕೆ, ರಾಜ್ಯದ ತಗ್ಗಿಸುವ ನಿಧಿಯೊಳಗೆ ‘ಸ್ಥಳೀಯ ನೆರೆ ಮತ್ತು ತೀರ ಯೋಜನೆ’ ಅಂತ ಒಂದು ಲೆಕ್ಕ ಶೀರ್ಷಿಕೆ ತೆರೆಯಿರಿ. ಹೊಳೆದಂಡೆ, ಅಳಿವೆ, ಕಡಲತೀರದ ಗ್ರಾಮ ಪಂಚಾಯ್ತಿ, ಪಟ್ಟಣ ಪಂಚಾಯ್ತಿ, ಪುರಸಭೆಗಳು ಅದಕ್ಕೆ ಅರ್ಜಿ ಹಾಕುವಂತಾಗಲಿ. ಕರಾವಳಿಗೆ ಮಾತ್ರ ಕೊಡಿ ಅಂತ ನಾನು ಹೇಳುತ್ತಿಲ್ಲ. 2019ರಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ದಂಡೆಯ ಊರುಗಳು ನಮಗಿಂತ ಜಾಸ್ತಿ ಅನುಭವಿಸಿವೆ. ಒಂದು ಪಂಚಾಯ್ತಿಗೆ ದೊಡ್ಡ ಮೊತ್ತ ಬೇಡ. ಎತ್ತರ ಅಳೆಯುವ ಸರ್ವೆ, ಹಳೆಯ ನೆರೆ ಗುರುತುಗಳ ದಾಖಲೆ, ವರ್ಷಕ್ಕೆರಡು ಸಲ ತೀರದ ಅಳತೆ, ಸರ್ವೆ ನಂಬರ್ ಇರುವ ನಕ್ಷೆ, ಇಷ್ಟಕ್ಕೆ ಸಾಕಾಗುವಷ್ಟು ಕೊಡಿ. ಆದರೆ ಒಂದು ವರ್ಷಕ್ಕೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಮೂರು ಮಳೆಗಾಲ ನೋಡದೆ ಮರಳಿನ ಬಗ್ಗೆ ಮಾತಾಡುವುದು ದಂಡ.

ಕೆಲಸ ಮಾಡಲು ಜನ ಇದ್ದಾರೆ. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆ ಕಡಲ ದಂಡೆಯಲ್ಲೇ ಇದೆ, ಅಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗ ಇದೆ. ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಿಸುತ್ತಾರೆ. ಅಲ್ಲಿನ ಮಕ್ಕಳು ನಮ್ಮ ಹುಡುಗರ ಹಗ್ಗದ ಬದಲು ಒಳ್ಳೆಯ ಉಪಕರಣ ತರಲಿ. ಜಾಗ ತೋರಿಸುವುದು, ಹೊತ್ತು ಹೇಳುವುದು ನಮ್ಮವರ ಕೆಲಸ. ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರು ಎರಡು ದಿನ ಬಂದು, ಇಂಗ್ಲಿಷಿನಲ್ಲಿ ಮುನ್ನೂರು ಪುಟದ ವರದಿ ಬರೆದು ಹೋಗುವುದು ಮಾತ್ರ ಬೇಡ. ಅಂಥದ್ದು ನಮ್ಮ ಪಂಚಾಯ್ತಿ ಕಪಾಟಿನಲ್ಲಿ ಈಗಾಗಲೇ ಒಂದಿದೆ, ಗೆದ್ದಲು ಹಿಡಿದಿದೆ. ನಕ್ಷೆ ಕನ್ನಡದಲ್ಲಿರಲಿ, ಪಂಚಾಯ್ತಿ ಗೋಡೆಯ ಮೇಲಿರಲಿ. ಪಕ್ಕದ ಕೇರಳದಲ್ಲಿ 2018ರ ಮಹಾನೆರೆಯ ನಂತರ ಸ್ಥಳೀಯ ಸಂಸ್ಥೆಗಳ ಕೈಯಲ್ಲೇ ವಿಪತ್ತು ಯೋಜನೆ ಬರೆಸಿದರು. ಅಲ್ಲಿ ಆಗಿದ್ದು ಇಲ್ಲಿ ಆಗಬಾರದು ಅಂತೇನಿಲ್ಲ.

ಎರಡನೆಯದು ಕಾನೂನಿನ ಮಾತು. ನೆರೆ ಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದು ಅಂತ ವಲಯ ಮಾಡಲು ಕೇಂದ್ರ ಸರ್ಕಾರ 1975ರಲ್ಲೇ ಒಂದು ಮಾದರಿ ಮಸೂದೆ ಮಾಡಿ ಎಲ್ಲ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ 1978ರಲ್ಲಿ ಕಾನೂನು ಮಾಡಿತು. ಆಮೇಲೆ ರಾಜಸ್ಥಾನ, ಉತ್ತರಾಖಂಡ ಮಾಡಿದವು. ಕರ್ನಾಟಕ ಇನ್ನೂ ಮಾಡಿಲ್ಲ. ಆಗ ಹುಟ್ಟಿದವರು ಈಗ ಅಜ್ಜ ಅಜ್ಜಿ ಆಗಿದ್ದಾರೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2008ರ ಮಾರ್ಗಸೂಚಿಯಲ್ಲಿ ಆಸ್ಪತ್ರೆ, ವಿದ್ಯುತ್ ಕೇಂದ್ರದಂಥವು ನೂರು ವರ್ಷಕ್ಕೊಮ್ಮೆ ಬರುವ ನೆರೆ ಮಟ್ಟಕ್ಕಿಂತ ಮೇಲಿರಲಿ, ಮನೆಗಳು 25 ವರ್ಷದ ನೆರೆ ಮಟ್ಟಕ್ಕಿಂತ ಮೇಲಿರಲಿ, ತಗ್ಗು ಜಾಗ ಆಟದ ಬಯಲು, ತೋಟಕ್ಕಿರಲಿ ಅಂದಿದೆ. ನೂರು ವರ್ಷದ ನೆರೆ ಅಂದರೆ ಒಮ್ಮೆ ಬಂದರೆ ನೂರು ವರ್ಷ ನಿಶ್ಚಿಂತೆ ಅಂತ ಅಲ್ಲ, ಯಾವುದೇ ವರ್ಷ ಬರುವ ಸಂಭವ ನೂರಕ್ಕೆ ಒಂದು ಅಂತ. ಇದು ನನಗೂ ಮೊನ್ನೆ ಮೊನ್ನೆ ತಿಳಿದದ್ದು. ಚೆನ್ನಾಗಿಯೇ ಬರೆದಿದ್ದಾರೆ. ಆದರೆ ನಮ್ಮೂರಲ್ಲಿ 25 ವರ್ಷದ ನೆರೆ ಮಟ್ಟ ಯಾವುದು? ಆನೆಯ ಮೊಣಕಾಲೋ, ಪಾದವೋ? ಅದು ಗೊತ್ತಿಲ್ಲದೆ ಮಾರ್ಗಸೂಚಿ ಇಟ್ಟುಕೊಂಡು ಮಾಡುವುದೇನು?

ಪೂರ್ತಿ ಕಾನೂನಿಗೆ ಹೊತ್ತು ಬೇಕು ಅಂತಾದರೆ, ಅಲ್ಲಿಯವರೆಗೆ ಒಂದು ಸರ್ಕಾರಿ ಆದೇಶ ಸಾಕು. ನಿವೇಶನ ಹಂಚುವಾಗ, ಭೂ ಪರಿವರ್ತನೆ ಕೊಡುವಾಗ, ಪರಿಹಾರದ ಮನೆ ಕಟ್ಟಿಸುವಾಗ, ಅಂಗನವಾಡಿಗೆ ಜಾಗ ನೋಡುವಾಗ ಪಂಚಾಯ್ತಿಯ ನೆರೆ ನಕ್ಷೆ ನೋಡಲೇಬೇಕು ಅಂತ. ಹಾಗೆಯೇ, ತೀರದ ಮೂರು ವರ್ಷದ ಅಳತೆ ಇಲ್ಲದೆ ಹೊಸ ಕಲ್ಲಿನ ಗೋಡೆಗೆ ಮಂಜೂರಾತಿ ಬೇಡ. ಮನೆ ಬೀಳುವ ಹಂತದಲ್ಲಿದ್ದರೆ ಅದರ ಮಾತು ಬೇರೆ.

ಇಷ್ಟು ಬರೆದ ಮೇಲೆ ನಮ್ಮೂರಿನವರ ಹೆದರಿಕೆಯನ್ನೂ ಬರೆಯಬೇಕು. ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ.

ಗ್ರಾಮಸಭೆಯಲ್ಲಿ ಈ ನಿರ್ಣಯ ಸಲೀಸಾಗಿ ಆಗಲಿಲ್ಲ. ಒಬ್ಬರು ಎದ್ದು, ‘ಗೆರೆ ಎಳೆದ್ರೆ ನಾಳೆ ಬ್ಯಾಂಕಿನವರು ಸಾಲ ಕೊಡಲ್ಲ, ಮನೆಗೆ ಖಾತೆ ಆಗಲ್ಲ, ಹೆಣ್ಣು ಕೊಡೋಕೂ ಹಿಂದೆ ಮುಂದೆ ನೋಡ್ತಾರೆ’ ಅಂದರು. ಮೀನುಗಾರ ಕೇರಿಯ ಹಿರಿಯರೊಬ್ಬರು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: ‘ನಮ್ಮನ್ನ ಗೆರೆಯಿಂದ ಹೊರಗೆ ಹಾಕಿ, ಆ ಜಾಗದಾಗೆ ರೆಸಾರ್ಟ್ ಮಾಡೋದಿಲ್ಲ ಅಂತ ಬರೆದು ಕೊಡ್ತೀರಾ, ತಂಗೀ?’ ನಾನು ಬರೆದು ಕೊಡಲು ಯಾರು? ಬರೆದು ಕೊಡಬೇಕಾದವರು ನೀವು. ದೋಣಿ ಕಣ್ಣಿಗೆ ಕಾಣುವಷ್ಟು ಹತ್ತಿರ ಮನೆ ಇರಬೇಕಾದದ್ದು ಮೀನುಗಾರರಿಗೆ ಚಟವಲ್ಲ, ಹೊಟ್ಟೆಪಾಡು. ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವವರೂ ಹಾಗೇ, ಉಪ್ಪು ನೀರು ಬಂದು ಹೋಗುವ ಗದ್ದೆಯ ಪಕ್ಕವೇ ಇರಬೇಕು. ನೆರೆ ಬರುವ ಜಾಗದಲ್ಲಿ ಬದುಕುವುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಅವರನ್ನು ಅಲ್ಲಿಂದ ಏಳಿಸುವುದಕ್ಕೆ ನಕ್ಷೆ ಬೇಡ. ಅವರ ಪಾಯ ಎಷ್ಟು ಎತ್ತರ ಇರಬೇಕು, ರಾತ್ರಿ ನೀರು ಏರಿದರೆ ಯಾವ ದಾರಿಯಲ್ಲಿ ಹೊರಡಬೇಕು, ಯಾವ ತೋಡನ್ನು ಮುಚ್ಚಲು ಬಿಡಬಾರದು ಅಂತ ಹೇಳಲು ಬೇಕು.

ಆದ್ದರಿಂದ ಅನುದಾನದ ಆದೇಶದಲ್ಲೇ ಒಂದು ಷರತ್ತು ಹಾಕಿ. ನೆರೆ ಗೆರೆಯೊಳಗೆ ಈಗಾಗಲೇ ವಾಸ ಇರುವವರನ್ನು ಅದೊಂದೇ ಕಾರಣಕ್ಕೆ ಎಬ್ಬಿಸಬಾರದು, ಅವರಾಗಿಯೇ ಹೋಗುತ್ತೇವೆ ಅಂದರೆ ಅದೇ ಊರಿನ ಎತ್ತರದ ಜಾಗದಲ್ಲಿ ನಿವೇಶನ ಕೊಡಬೇಕು, ಅವರು ಬಿಟ್ಟ ಜಾಗ ಬೇರೆ ಯಾರಿಗೂ ಕಟ್ಟಡಕ್ಕೆ ಹೋಗಬಾರದು. ಗೆರೆಯನ್ನು ಗ್ರಾಮಸಭೆಯ ಮುಂದೆ ಇಟ್ಟು, ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ ಮಾಡಲಿ. ಈ ಷರತ್ತು ಸೇರಿಸಿದ ಮೇಲೆಯೇ ನಮ್ಮ ನಿರ್ಣಯಕ್ಕೆ ಆ ಹಿರಿಯರು ಕೈ ಎತ್ತಿದ್ದು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಇತ್ತ ಗುಡ್ಡ, ನಡುವೆ ಹೆದ್ದಾರಿ, ಅತ್ತ ಗಂಗಾವಳಿ. ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ನೀರು ಎದ್ದು ಎದುರು ದಂಡೆಯ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಗುಡ್ಡ ಬಿದ್ದದ್ದು ಈ ದಂಡೆಯಲ್ಲಿ, ಮನೆ ಹೋದದ್ದು ಆ ದಂಡೆಯಲ್ಲಿ. ಅದನ್ನು ಯಾವ ನಕ್ಷೆ ಮೊದಲೇ ಹೇಳುತ್ತಿತ್ತೋ ನಾನು ಹೇಳಲಾರೆ. ಆದರೆ ಗುಡ್ಡದ್ದು ಒಂದು ಇಲಾಖೆ, ರಸ್ತೆಯದ್ದು ಇನ್ನೊಂದು, ಹೊಳೆಯದ್ದು ಮತ್ತೊಂದು, ಮೂರನ್ನೂ ಒಟ್ಟಿಗೆ ಒಂದೇ ಹಾಳೆಯ ಮೇಲೆ ನೋಡುವವರು ಯಾರೂ ಇಲ್ಲ ಅಂತ ಆವತ್ತು ಎಲ್ಲರಿಗೂ ಅನಿಸಿತು. ಆ ಹಾಳೆ ಊರಿನ ಕೈಯಲ್ಲಿದ್ದರೆ, ಕೊನೇಪಕ್ಷ ಪ್ರಶ್ನೆ ಕೇಳಲು ಆಗುತ್ತದೆ.

ಮುಂದಿನ ಬಜೆಟ್ಟಿನಲ್ಲಿ ಆ ಒಂದು ಸಾಲು ಸೇರಿಸಿ. ಪ್ರಾಯೋಗಿಕವಾಗಿ ಮೊದಲು ಕೆಲವು ಪಂಚಾಯ್ತಿಗಳಲ್ಲಿ ಮಾಡುವುದಾದರೂ ಸರಿ. ನಮ್ಮ ಪಂಚಾಯ್ತಿ ತಯಾರಿದೆ, ನಿರ್ಣಯದ ಪ್ರತಿ, ನೋಟ್‌ಬುಕ್ಕಿನ ನೆರಳಚ್ಚು, ಆನೆಯ ಫೋಟೋ ಮೂರನ್ನೂ ಕಳಿಸಿದ್ದೇನೆ. ಫೋಟೋದಲ್ಲಿ ಬಿಸಿಯೂಟದ ಅಕ್ಕ ಗೆರೆ ಇದ್ದ ಜಾಗಕ್ಕೆ ಕೈ ಇಟ್ಟು ನಿಂತಿದ್ದಾರೆ.

ಉತ್ತರ ಪಂಚಾಯ್ತಿ ವಿಳಾಸಕ್ಕೆ ಬರಲಿ. ಜೂನ್ ಒಳಗೆ ಕಳಿಸಿದರೆ ಉಪಕಾರ. ಜುಲೈ ಆದರೆ ನಮ್ಮ ಅಂಚೆಯಣ್ಣ ಪಾತಿ ದೋಣಿಯಲ್ಲಿ ಬರಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಅಳಿವೆ ಪಕ್ಕದ ಒಂದು ಗ್ರಾಮ ಪಂಚಾಯ್ತಿಯ ಮಾಜಿ ಸದಸ್ಯೆ
ಉತ್ತರ ಕನ್ನಡ ಜಿಲ್ಲೆ